ಲೆನ್‌ಸ್ಟರ್ ಗಾರ್ಡನ್ಸ್‌ನಲ್ಲಿ ಮನೆ ನೋಡಿದ್ದು

ಭುವನೇಶ್ವರಿ: ಅವ್ವಾ, ಆ ಕುಂಕುಮದ ಬಟ್ಟಲಾ ಚೀಲದಾಗ ಇಡು. ಹೋಗೋ ಬರೋ ಮಂದಿ ನೋಡಾಕತ್ತಾರ.

ನಾಗವ್ವ: ನೋಡ್ಲಿ. ಮನಿ ನೋಡಾಕ ಬಂದವ್ರು ಬರಿಗೈಲೆ ಬರ್ತಾರೇನ?

ಭುವನೇಶ್ವರಿ: ಸುಮ್ನ ಒಂದ್ಸಲ ನೋಡಿ ಹೋಗೂದು, ಅಷ್ಟ.

ನಾಗವ್ವ: ಮೊದಲ ಎಲ್ಲಾರೂ ಹಂಗ ಅಂತಾರ.

ನಾಗವ್ವ ವಿಜಯಪುರದವಳು. ಅವಳ ಮಾತಿನಲ್ಲಿ ‘ಮನಿ ನೋಡೂದು’ ಅಂದರೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಿ ಬರುವುದು. ಲಂಡನ್ನಿನ ಕಿಂಗ್ಸ್‌ಬರಿಗೆ ಬಂದು ಹನ್ನೊಂದು ವರ್ಷವಾದರೂ ಆ ಮಾತಿಗೆ ಎರಡನೆಯ ಅರ್ಥ ಹುಟ್ಟಿರಲಿಲ್ಲ.

ಮುಂದೆ ನಡೆಯುತ್ತಿದ್ದವನು ಮಧುಸೂದನ್, ಮಗಳ ಆಫೀಸಿನ ಬೆಂಗಳೂರು ಹುಡುಗ. ಲಂಡನ್ನಿನಲ್ಲಿ ಯಾರೂ ನೋಡದ ಜಾಗಗಳನ್ನು ಹುಡುಕಿ ನೋಡುವುದು ಅವನ ಭಾನುವಾರದ ಕೆಲಸ. ಬಿಗ್ ಬೆನ್ ಅಂದರೆ ಮೂಗು ಮುರಿಯುತ್ತಾನೆ. ‘ಆಂಟಿ, ನಿಮಗೊಂದು ಮನೆ ತೋರಿಸ್ತೀನಿ’ ಅಂತ ಕರೆತಂದಿದ್ದ. ಆಂಟಿಯ ಮೆಚ್ಚುಗೆ ಅವನಿಗೆ ತುಂಬಾ ಬೇಕಿತ್ತು. ಯಾಕೆ ಅನ್ನುವುದು ಭುವನೇಶ್ವರಿಗೆ ಮಾತ್ರ ಗೊತ್ತಿತ್ತು.

ಮಧುಸೂದನ್: ಬಂತು ಆಂಟಿ! ಇಪ್ಪತ್ಮೂರು, ಇಪ್ಪತ್ನಾಲ್ಕು. ಎರಡೂ.

ನಾಗವ್ವ: ಎರಡೂನ! ಯವ್ವಾ, ಕಂಬ ನೋಡ ಕಂಬ! ಒಳಗ ಮಂದಿ ಎಷ್ಟು ಅದಾರ?

ಮಧುಸೂದನ್: ಯಾರೂ ಇಲ್ಲ.

ನಾಗವ್ವ: ಅತ್ತಿ?

ಮಧುಸೂದನ್: ಯಾವ ಅತ್ತೆ?

ನಾಗವ್ವ: (ಮಗಳ ಪಕ್ಕೆ ತಿವಿದು) ಅತ್ತೀನೂ ಇಲ್ಲ. ಪುಣ್ಯಾ ಮಾಡಿದ್ದಿ.

ಅವ್ವ ಯಾವ ‘ಮನಿ’ ಅಂದುಕೊಂಡು ಬಂದಿದ್ದಾಳೆ ಎಂಬುದು ಭುವನೇಶ್ವರಿಗೆ ಆಗ ಹೊಳೆಯಿತು. ಬಾಯಿ ತೆರೆದಳು. ಆಮೇಲೆ ಏನೋ ಯೋಚಿಸಿ, ಮುಚ್ಚಿಕೊಂಡು ಫೋನಿನಲ್ಲಿ ಫೋಟೋ ತೆಗೆಯತೊಡಗಿದಳು.

ಮಧುಸೂದನ್: ನೂರೈವತ್ತು ವರ್ಷದಿಂದ ಹೀಗೇ ಇದೆ ಆಂಟಿ.

ನಾಗವ್ವ: ಹಳೇ ಮನಿತನ!

ಮಧುಸೂದನ್: ಆದ್ರೆ ಒಳಗೆ ಒಂದು ಕುರ್ಚಿನೂ ಇಲ್ಲ.

ನಾಗವ್ವ: ಇರ್ಲಿ ಬಿಡು. ಮಂಚಾ, ಕಪಾಟಾ ನಾವ ಕೊಡ್ತೀವಿ.

ಮಧುಸೂದನ್: ಯಾರಿಗೆ? ಹಿಂದೆ ಬರೀ ರೈಲು ಆಂಟಿ.

ನಾಗವ್ವ: ರೇಲ್ವೇದಾಗ ಅದಾನ! ಪಕ್ಕಾ ನೌಕರಿ ಬಿಡು.

ಮಧುಸೂದನ್: ಯಾರು?

ನಾಗವ್ವ: ಹುಡುಗ!

ಮಧುಸೂದನ್: ಯಾವ ಹುಡುಗ?

ನಾಗವ್ವ: ನಡುವಿನವ ನೀನ ಆಗಿ, ಯಾವ ಹುಡುಗ ಅಂತ ನನ್ನ ಕೇಳ್ತಿ?

ಅವನ ಉತ್ತರಕ್ಕೆ ಕಾಯದೆ ನಾಗವ್ವ ಬಾಗಿಲಿಗೆ ಹೋದಳು. ಗಂಟೆ ಹುಡುಕಿದಳು, ಇರಲಿಲ್ಲ. ಕಾಗದ ಹಾಕುವ ಸಂದಿಯೂ ಇರಲಿಲ್ಲ. ಸೆರಗು ಸರಿಮಾಡಿಕೊಂಡು ಬಾಗಿಲು ಬಡಿದಳು.

ಮಧುಸೂದನ್: ಆಂಟಿ, ಅದು ಬಾಗಿಲಲ್ಲ! ಕಿಟಕಿನೂ ಕಿಟಕಿ ಅಲ್ಲ, ಬಣ್ಣ ಬಳಿದಿರೋದು. ಇದು ಬರೀ ಗೋಡೆ. ಆಗ ನೆಲದಡಿಯ ಟ್ಯೂಬ್ ರೈಲು ಉಗಿಯಲ್ಲಿ ಓಡ್ತಿತ್ತು. ಹೊಗೆ ಬಿಡೋಕೆ ಜಾಗ ಬೇಕು ಅಂತ ಇಲ್ಲಿ ಎರಡು ಮನೆ ಕೆಡವಿದ್ರು. ಬೀದಿ ಅಂದ ಕೆಡಬಾರದು ಅಂತ ಮುಂದೆ ಮಾತ್ರ ಗೋಡೆ ಕಟ್ಟಿದ್ರು. ಇಡೀ ಲಂಡನ್ನಿನಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ!

ಗೋಡೆಯ ಹಿಂದೆ, ತಗ್ಗಿನಲ್ಲಿ, ರೈಲೊಂದು ಗಡಗಡ ಎಂದು ಹೋಯಿತು.

ನಾಗವ್ವ: ಮನಿ ಇಲ್ಲ?

ಮಧುಸೂದನ್: ಇಲ್ಲ.

ನಾಗವ್ವ: ಹುಡುಗನೂ ಇಲ್ಲ?

ಮಧುಸೂದನ್: ಇಲ್ಲ ಆಂಟಿ.

ನಾಗವ್ವ: ನೋಡಿದವ್ರು ಭೇಷ್ ಅನ್ಲಿ ಅಂತ ಮುಂದೊಂದು ಗೋಡಿ, ಹಿಂದ ಬರೇ ಹೊಗಿ. ಇದನ್ನ ನೋಡಾಕ ಎರಡು ಟ್ಯೂಬ್ ಬದಲಿ ಮಾಡಿಸ್ದೇನ? ನಮ್ಮ ಕನ್ನಡ ಸಂಘದ ದೀಪಾವಳಿಗೆ ಬಾ. ಬಾಡಿಗಿ ಕಾರಿನ್ಯಾಗ ಬಂದು ಸ್ವಂತದ್ದು ಅನ್ನಾವ್ರು ಅರವತ್ತು ಮಂದಿ ಸಿಗ್ತಾರ. ಊಟಾನೂ ಇರ್ತೈತಿ.

ಭುವನೇಶ್ವರಿ: ಆತು, ನಡಿ ಅವ್ವಾ, ಹೋಗೂಣು.

ನಾಗವ್ವ: ಎಲ್ಲಿಗಿ ಹೋಗ್ಲಿ? ಟ್ರೇನಿನ್ಯಾಗ ಬರೂಮುಂದ ನಮ್ಮ ಸಂಘದ ಕ್ವೀನ್ಸ್‌ಬರಿ ಪಾರ್ವತೆವ್ವಗ ಮೆಸೇಜ್ ಹಾಕೀನಿ, ಭುವಿಗೆ ವರ ಸಿಕ್ಕಾನ ಅಂತ. ಇಷ್ಟೊತ್ತಿಗೆ ಊರೆಲ್ಲಾ ಆಗಿರ್ತೈತಿ. ನಾಳೆ ಮಾರಿ ಹೆಂಗ ತೋರಿಸ್ಲಿ? ಈಗಿಂದೀಗ ವರನ್ನ ಎಲ್ಲಿಂದ ತರ್ಲಿ?

ಭುವನೇಶ್ವರಿ ಮಧುಸೂದನನ ಕಾಲು ತುಳಿದಳು.

ಮಧುಸೂದನ್: ಅಯ್ಯೋ! ಆಂಟಿ... ಒಬ್ಬ ಇದ್ದಾನೆ.

ನಾಗವ್ವ: ಯಾಂವ?

ಮಧುಸೂದನ್: ನಾನು.

ನಾಗವ್ವ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಪಕ್ಕಕ್ಕೆ ಹೋಗಿ ಬೆನ್ನ ಹಿಂದೆ ಏನಾದರೂ ಇದೆಯೇ ಎಂದೂ ನೋಡಿದಳು.

ನಾಗವ್ವ: (ಮಗಳ ಕಡೆ ತಿರುಗಿ) ನಿನಗ ಗೊತ್ತಿತ್ತೇನ?

ಭುವನೇಶ್ವರಿ: ಎಂಟು ತಿಂಗಳಿಂದ.

ನಾಗವ್ವ: ನಿನ್ನ ಮನಿ ಎಲ್ಲೈತಿ ತಮ್ಮಾ?

ಮಧುಸೂದನ್: ಫೆಲ್ಥಮ್. ಒಂದೇ ರೂಮು ಆಂಟಿ. ಕಂಬ ಇಲ್ಲ. ಲಿಫ್ಟೂ ಇಲ್ಲ.

ನಾಗವ್ವ: ಬಾಗಿಲಾ ತೆರೀತೈತಿ?

ಮಧುಸೂದನ್: ಸ್ವಲ್ಪ ಎತ್ತಿ ತಳ್ಳಬೇಕು.

ನಾಗವ್ವ: ಕಿಟಕಿ?

ಮಧುಸೂದನ್: ತೆರೆಯುತ್ತೆ. ಆದ್ರೆ ಸುಳ್ಳು ಯಾಕೆ ಹೇಳಲಿ. ಏರ್‌ಪೋರ್ಟ್ ಹತ್ತಿರ, ವಿಮಾನ ತಲೆ ಮೇಲೇ ಹೋಗೋದು, ಒಂದಾದ ಮೇಲೊಂದು. ಗಂಡ ಹೆಂಡತಿ ಪಕ್ಕದಲ್ಲೇ ಕೂತಿದ್ರೂ ಒಬ್ಬರ ಮಾತು ಒಬ್ಬರಿಗೆ ಕೇಳಿಸೋದಿಲ್ಲ.

ನಾಗವ್ವ: ಇಷ್ಟು ಚಲೋ ಮನಿ ಇಟ್ಕೊಂಡು ಮೊದಲ ಯಾಕ ಹೇಳಲಿಲ್ಲೋ!