ಆಷಾಢದಲ್ಲಿ ಏರಿದ ಮಾರಾಟ

ಜೀವಮಾನವಿಡೀ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಬೋಧಿಸಿ ನಿವೃತ್ತನಾದವನಿಗೆ ಒಂದು ಪುಟ್ಟ ಕಂಪನಿಯ ಲೆಕ್ಕಪತ್ರ ಯಾವ ಮಹಾ? ಹೀಗೆಂದುಕೊಂಡೇ ನಾನು ನನ್ನ ಹೆಂಡತಿ ನಾಗರತ್ನಳ ಕಂಪನಿಯ ‘ಹಣಕಾಸು ಮುಖ್ಯಸ್ಥ’ನಾದೆ. ಸಂಬಳವಿಲ್ಲ. ಕಾಫಿ ಉಂಟು.

ಕಡಕೊಳದ ಒಂದು ಶೆಡ್ಡಿನಲ್ಲಿ ಅವಳು ಮದುವೆಯ ತಾಂಬೂಲದ ಚೀಲ ಹೊಲಿಸುತ್ತಾಳೆ. ಹೊಸ ಯಂತ್ರಗಳಿಗೆಂದು ಬ್ಯಾಂಕಿನಲ್ಲಿ ಸಾಲ ಕೇಳಿದ್ದಳು. ಅದು ಸಿಗದಿದ್ದರೆ ಮುಂದಿನ ಮದುವೆಗಳ ದೊಡ್ಡ ಆರ್ಡರುಗಳು ಕೈತಪ್ಪುತ್ತಿದ್ದವು, ಹೊಲಿಯುವ ಹೆಂಗಸರಲ್ಲಿ ಅರ್ಧ ಜನಕ್ಕೆ ಕೆಲಸ ಹೋಗುತ್ತಿತ್ತು. ಬ್ಯಾಂಕಿನವರು ತಿಂಗಳುವಾರು ಮಾರಾಟದ ವರದಿ ಬೇಕೆಂದರು. ಅದನ್ನು ಸಿದ್ಧಪಡಿಸುವ ಗುರುತರ ಹೊಣೆ ನನ್ನ ಹೆಗಲೇರಿತು!

ವೈಶಾಖ, ಜ್ಯೇಷ್ಠಗಳಲ್ಲಿ ಮಾರಾಟ ಚಾಮುಂಡಿ ಬೆಟ್ಟ ಹತ್ತಿತ್ತು. ಆಷಾಢದಲ್ಲಿ ದೊಪ್ಪೆಂದು ಕೆಳಗೆ ಬಿತ್ತು. ಇಂಥ ವರದಿ ಕಂಡರೆ ಯಾರು ಸಾಲ ಕೊಟ್ಟಾರು? ನಾಗರತ್ನಳಿಗೆ ಹೇಳದೆ, ಶೆಡ್ಡಿನಲ್ಲಿದ್ದ ಚೀಲಗಳನ್ನೆಲ್ಲ ಸಂತೇಪೇಟೆಯ ಅಂಗಡಿಗಳಿಗೆ ಸಾಗಿಸಿಬಿಟ್ಟೆ. “ಈಗ ದುಡ್ಡು ಬೇಡ, ಹೋಗದಿದ್ರೆ ವಾಪಸ್ ಕೊಡಿ” ಎಂದೆ. ಮನೆಗೆ ಬಂದು ಅಷ್ಟನ್ನೂ ‘ಮಾರಾಟ’ ಎಂದು ಬರೆದೆ. ಎಂಥ ತಲೆ ನನ್ನದು!

ಬ್ಯಾಂಕಿಗೆ ಹೊರಡಬೇಕಾದ ದಿನವೇ, ಕೃಷ್ಣಮೂರ್ತಿಪುರಂನ ನಮ್ಮ ಮನೆ ಮುಂದೆ ಲಗೇಜ್ ಆಟೋ ನಿಂತಿತು. ಅದರಿಂದ ಇಳಿದವರು ಸಂತೇಪೇಟೆಯ ಅಂಗಡಿಯ ಅಂಥೋಣಿಯವರು.

“ಮೇಷ್ಟ್ರೇ, ಆಷಾಢದಲ್ಲಿ ಮದುವೆ ಚೀಲ ಯಾರ್ ತಗೋತಾರೆ? ನಮ್ಮ ಚರ್ಚಲ್ಲಿ ಆಷಾಢ ಇಲ್ಲ, ನಿಜ. ಆದ್ರೆ ನಾವು ಹಂಚೋದು ಕೇಕು ಕಣ್ರೀ! ಅಕ್ಕಪಕ್ಕದ ಅಂಗಡಿಯವ್ರದ್ದೂ ಒಟ್ಗೆ ತಂದ್ಬುಟ್ಟೆ.”

ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಮೂಟೆಗಳು ತುಂಬಿದವು. ನಾಗರತ್ನ ಮೂಟೆಗಳನ್ನು ನೋಡಿದಳು, ನನ್ನ ಕೈಯ ವರದಿಯನ್ನೂ ನೋಡಿದಳು.

“ಏನ್ರೀ ಇದು?”

“ಮಾರಾಟ.”

“ಮಾರಾಟ ಆಗಿದ್ರೆ ಮನೆಗ್ಯಾಕೆ ಬಂತು?”

ನಾನು ಪಾಠ ಮಾಡುತ್ತಿದ್ದ ಪುಸ್ತಕದಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿತ್ತು. ಅದು ಅವಳ ಪರವಾಗಿತ್ತು.

“ನಮ್ಮ ಮದುವೆನೇ ಆಷಾಢ ಕಳೀಲಿ ಅಂತ ಕಾದು ಮಾಡಿದ್ದು. ಅದನ್ನೂ ಮರೆತ್ಬುಟ್ರಾ? ಈ ಸುಳ್ಳಿಗೆ ನಾನು ಸಹಿ ಹಾಕ್ಬೇಕಿತ್ತಲ್ರೀ!” ಎಂದಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಅವಳೇ ಕೂತು ವರದಿಯನ್ನು ಹೊಸದಾಗಿ ಬರೆದಳು. ಆಷಾಢದ ಮುಂದೆ ಇದ್ದಷ್ಟೇ ಮಾರಾಟ, ಪಕ್ಕದಲ್ಲಿ ‘ಮದುವೆಗಳಿಲ್ಲ’ ಎಂಬ ಕಾರಣ. ಬಲಿಗೆ ಹೊರಟ ಕುರಿಯಂತೆ ನಾನು ಅವಳ ಹಿಂದೆ ಬ್ಯಾಂಕಿಗೆ ನಡೆದೆ.

ಬ್ಯಾಂಕಿನ ಮ್ಯಾನೇಜರ್ ಮೇಡಂ ವರದಿ ಓದಿ ನಕ್ಕರು. “ಆಷಾಢದಲ್ಲೂ ಮಾರಾಟ ಏರ್ತು ಅಂತ ಬರೆದಿದ್ರೆ ಅರ್ಜೀನ ಅಲ್ಲೇ ವಾಪಸ್ ಕೊಡ್ತಿದ್ದೆ. ಮೈಸೂರಲ್ಲಿ ಕೂತು ಅದನ್ನ ನಂಬೋಕಾಗುತ್ತಾ? ಇಳಿದಿದ್ದನ್ನ ಇಳಿದಿದೆ ಅಂತ ಬರ್ದಿದ್ದೀರಿ, ನನಗಷ್ಟು ಸಾಕು.”

ಸಾಲ ಮಂಜೂರಾಯಿತು! ಅಂಥೋಣಿಯವರು ಒಂದು ಗಂಟೆ ತಡವಾಗಿ ಬಂದಿದ್ದರೆ ಕಂಪನಿಯ ಗತಿ ಏನಾಗುತ್ತಿತ್ತೋ! ಪುಣ್ಯಾತ್ಮ ಆಟೋ ಬಾಡಿಗೆಯನ್ನೂ ಕೇಳಲಿಲ್ಲ. ನಾಗರತ್ನಳಂತೂ ನನ್ನ ಸಾಹಸದ ಬಗ್ಗೆ ಅಲ್ಲಿ ತುಟಿ ಬಿಚ್ಚಲಿಲ್ಲ. ಇಬ್ಬರ ಋಣವೂ ನನ್ನ ಮೇಲಿದೆ.

ಹೊರಡುವಾಗ ಮೇಡಂ ಕೇಳಿದರು: “ಲೆಕ್ಕ ಚೆನ್ನಾಗಿ ಬರ್ದಿದ್ದೀರಿ. ಯಾರು ನೋಡ್ಕೋತಾರೆ?”

ನಾನು ಗಂಟಲು ಸರಿಮಾಡಿಕೊಂಡೆ.

“ನಾನೇ ಮೇಡಂ” ಎಂದಳು ನಾಗರತ್ನ. “ಇವ್ರು ಮೂಟೆ ಹೊರೋ ವಿಭಾಗದ ಮುಖ್ಯಸ್ಥರು.”

ಅಂದು ಸಂಜೆ ಅಷ್ಟೂ ಮೂಟೆಗಳನ್ನು ಸಂತೋಷದಿಂದಲೇ ಹೊತ್ತೆ. ಕೆಲಸದಿಂದ ತೆಗೆಯಲಿಲ್ಲವಲ್ಲ, ಅದೇ ದೊಡ್ಡದು!