ಒಳಗೆ ಬಿಡದ ಟೆಸ್ಟ್ ಫೋಲ್ಡರ್ ಸಾಹೇಬರ ಸನ್ನಿಧಿಗೆ

ಮಾನ್ಯ ಫೋಲ್ಡರ್ ಸಾಹೇಬರೇ,

ಕೊಳ್ಳೇಗಾಲದಿಂದ ಬಸವಕುಮಾರ್ ಹೊಸ್ತಿಲಾಚೆಯಿಂದಲೇ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಮೊದಲು ತಪ್ಪೊಪ್ಪಿಗೆ. ನಿನ್ನೆ ಊಟದ ಹೊತ್ತಿನಲ್ಲಿ, ಯಾರೂ ನೋಡದಿದ್ದಾಗ, ತಮ್ಮ ಬಾಗಿಲನ್ನು ಸಕಲ ಜೀವರಾಶಿಗೂ ಓದಲು, ಬರೆಯಲು, ಓಡಿಸಲು ತೆರೆದಿಟ್ಟ ಪಾತಕಿ ನಾನೇ. ಹಾಗೆ ಮಾಡಬಾರದೆಂದು ಎಲ್ಲರೂ ಹೇಳುತ್ತಾರೆ. ಮಾಡದವರನ್ನು ಮಾತ್ರ ನಾನಿನ್ನೂ ಕಂಡಿಲ್ಲ.

ತಮಗೆ ತಿಳಿದಿರುವಂತೆ, ವಸಂತಮ್ಮನವರ ರೇಷ್ಮೆ ಸೀರೆ ಅಂಗಡಿಯ ಮಹಡಿಯಲ್ಲಿ ಅವರದೇ ಬಂಡವಾಳದಲ್ಲಿ ನಾವು ಮೂವರು ಸಾಫ್ಟ್‌ವೇರ್ ನೇಯುತ್ತೇವೆ. ಯಾವ ಮನೆಯ ಮಗ್ಗದಲ್ಲಿ ಯಾವ ಅಂಚು ನಡೆಯುತ್ತಿದೆ ಎಂದು ನೇಕಾರರ ಸಂಘಕ್ಕೆ ತೋರಿಸುವ ಪ್ರೋಗ್ರಾಮನ್ನು ನಮ್ಮ ಚೈತ್ರ ಬರೆದಿದ್ದಾಳೆ. ಅವಳ ಮೊದಲ ಸ್ವಂತ ಕೆಲಸ. ಅದನ್ನು ಯಂತ್ರವೇ ಪರೀಕ್ಷಿಸುತ್ತದೆ: ತಮ್ಮ ಮಡಿಲಲ್ಲಿ ಒಂದು ಪುಟಾಣಿ ಡೇಟಾಬೇಸನ್ನು ಹುಟ್ಟಿಸಿ, ಲೆಕ್ಕ ಒಪ್ಪಿಸಿ, ಅಳಿಸಿ ಕೈತೊಳೆಯುತ್ತದೆ. ಪರೀಕ್ಷೆ ಹಸಿರಾಗದೆ, ಅಂದರೆ ಪಾಸಾಗದೆ, ಏನನ್ನೂ ಹೊರಗೆ ಕೊಡುವಂತಿಲ್ಲ. ಸಂಘದವರು ಬರುವುದು ಸೋಮವಾರ. ತಾವೋ, ವಾರದಿಂದ ಕೆಂಪು!

ತಮ್ಮ ತತ್ತ್ವನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಬಡ ಬಳಕೆದಾರನಾಗಿ ಬಂದರೆ "ಅನುಮತಿ ಇಲ್ಲ" ಎಂದಿರಿ. ಯಂತ್ರದ ಯಜಮಾನನ ಖಾತೆ, ಅಂದರೆ ರೂಟ್, ತೊಟ್ಟು ಬಂದರೆ "ಯಜಮಾನರಿಗೆ ಇಲ್ಲಿ ಓಡಿಸುವ ಹಕ್ಕಿಲ್ಲ" ಎಂದಿರಿ. ಬಾಗಿಲನ್ನೇ ಊರಿಗೆಲ್ಲ ತೆರೆದರೆ "ಇಷ್ಟು ಬಟಾಬಯಲಲ್ಲಿ ನಾನು ಸಂಸಾರ ಹೂಡೆ" ಎಂದು ಮುಖ ತಿರುಗಿಸಿದಿರಿ. ಡೇಟಾಬೇಸ್ ತಮ್ಮಲ್ಲಿ, ಬೇಸರ ನಮ್ಮಲ್ಲಿ! ಸಂತೆಯ ದಿನ ಹನೂರಿನ ಬಸ್ಸಿನಲ್ಲೂ ಒಂದು ಕಾಲೂರಲು ಜಾಗ ಸಿಗುತ್ತದೆ, ಸ್ವಾಮಿ.

ತಮ್ಮನ್ನು ನಾವೇನು ಅಗೌರವದಿಂದ ಬರಮಾಡಿಕೊಂಡೆವೇ? ಹೊಸ ಮಗ್ಗದಲ್ಲಿ ಮೊದಲ ಲಾಳಿಯನ್ನು ಹಿರಿಯರೇ ಎಸೆಯಬೇಕೆಂಬುದು ವಸಂತಮ್ಮನವರ ಮನೆಯ ಪದ್ಧತಿ. ಅಂತೆಯೇ ಕಳೆದ ಶುಕ್ರವಾರ ಕಂಪ್ಯೂಟರಿಗೆ ಕುಂಕುಮವಿಟ್ಟು, ಪರೀಕ್ಷೆಯ ಮೊದಲ ಗುಂಡಿಯನ್ನು ಅವರ ಕೈಯಲ್ಲೇ ಒತ್ತಿಸಿದೆವು. ಅದೂ, ಯಜಮಾನಿತಿಯನ್ನು ಸಾಮಾನ್ಯ ಖಾತೆಯಲ್ಲಿ ಕೂರಿಸುವುದೇ ಎಂದು ಯಜಮಾನನ ಖಾತೆಯನ್ನೇ ತೆರೆದುಕೊಟ್ಟೆ. ಪರದೆಯ ಮೇಲೆ ಸಾಲುಗಳು ಹರಿದವು. ನಾವು ಚಪ್ಪಾಳೆ ತಟ್ಟಿದೆವು. ಮರುದಿನದಿಂದಲೇ ತಾವು ಕೆಂಪು.

ದೋಷದ ಸಂದೇಶವನ್ನು ಕೊನೆಯ ಸಾಲಿನವರೆಗೆ ಓದುವವನು ಈ ಮಹಡಿಯಲ್ಲಿ ನಾನೊಬ್ಬನೇ ಎಂಬುದು ತಮಗೂ ಗೊತ್ತು. ಓದಿಯೇ ತೀರ್ಪು ಕೊಟ್ಟೆ: ಚೈತ್ರ ಏನೋ ಕೆದಕಿದ್ದಾಳೆ. "ನಾನ್ ಮುಟ್ಟೇ ಇಲ್ಲ ಸಾ, ನನ್ ಕೋಡ್‌ನ ಒಳೀಕೇ ಬುಟ್ಟಿಲ್ಲ ಅದು, ಇನ್ ತಪ್ಪು ಯಾವಾಗ ಮಾಡ್ಲಿ?" ಎಂದಳು. ವಾದ ಚೆನ್ನಾಗಿತ್ತು, ತಳ್ಳಿಹಾಕಿದೆ. ಅವಳ ಕೆಲಸವನ್ನು ಕಿತ್ತು ನಮ್ಮ ಮೂರನೆಯವನಾದ ತೇಜಸ್‌ಗೆ ಕೊಟ್ಟಾಯಿತು. ಅವನು ಮೊದಲ ದಿನವೇ "ಇದು ನನ್ಗೂ ಅದೇ ಪೂಜೆ ಮಾಡ್ತದೆ ಸಾ" ಎಂದು ಟೀ ಕುಡಿಯಲು ಹೋದ.

ಆದ್ದರಿಂದ ತಮ್ಮಲ್ಲಿ ವಿನಂತಿ: ನಾನು ಬಡವನೂ ಅಲ್ಲದ, ಯಜಮಾನನೂ ಅಲ್ಲದ, ಬಾಗಿಲು ತೆರೆದೂ ಮುಚ್ಚಿಯೂ ಇರುವ ಒಂದು ಶುಭ ಗಳಿಗೆಯನ್ನು ತಾವೇ ಗೊತ್ತುಮಾಡಿ ತಿಳಿಸುವುದು. ಇಲ್ಲವೇ, ತಾವು ಯಾರ ಸ್ವತ್ತೆಂದಾದರೂ ಹೇಳುವುದು. ಅವರ ಕಾಲನ್ನೇ ಹಿಡಿಯುತ್ತೇನೆ.

ಬೀಗದ ಹೊರಗಿನಿಂದ, ತಮ್ಮ ವಿಶ್ವಾಸಿ,
ಬಸವಕುಮಾರ್

ಮರೆತ ಮಾತು: ಕೊನೆಯ ವಿನಂತಿಯನ್ನು ಬರೆದ ಮೇಲೆ, ಅದನ್ನು ತಮ್ಮನ್ನೇ ಕೇಳಬಹುದಲ್ಲ ಎಂದು ಹೊಳೆದು, ತಮ್ಮ ವಿವರ ತೆರೆದು ಕೇಳಿದೆ. ಒಡೆಯ: ರೂಟ್. ಹುಟ್ಟಿದ್ದು: ಪೂಜೆಯ ಶುಕ್ರವಾರ. ಯಜಮಾನನ ಖಾತೆಯಲ್ಲಿ ಗುಂಡಿ ಒತ್ತಿಸಿದಾಗ ತಾವು ಯಜಮಾನನ ಸ್ವತ್ತಾಗಿಯೇ ಹುಟ್ಟಿದ್ದಿರಿ. ನಾವು ಯಾರೂ ತಮ್ಮವರಲ್ಲ. ತಮ್ಮನ್ನು ಅಳಿಸಿ, ಸಾಮಾನ್ಯ ಖಾತೆಯಲ್ಲಿ ಮತ್ತೆ ಓಡಿಸಿದೆ. ಚೈತ್ರಳ ಪರೀಕ್ಷೆಗಳೆಲ್ಲ ಹಸಿರು, ಒಂದೂ ಬಿಡದೆ. ಸೋಮವಾರ ಸಂಘದವರ ಮುಂದೆ ಅವಳೇ ಕೂರುತ್ತಾಳೆ. ನಾನು ಟೀ ತರುತ್ತೇನೆ. ವಸಂತಮ್ಮನವರು ಇಷ್ಟೇ ಹೇಳಿದರು: "ಅಲ್ಲ ಕಣ್ಲಾ ಬಸವಕುಮಾರ, ನನ್ ಕೈಲಿ ಒತ್ತಿಸ್ಬುಟ್ಟು ಆ ಮಗೀನ ಬಯ್ದಲ್ಲಾ!"

ಅಂದು ಹರಿದ ಸಾಲುಗಳ ತುದಿಯಲ್ಲಿ "ಯಜಮಾನರ ಖಾತೆಯಿಂದ ಓಡಿಸಲಾಗದು, ನಿಲ್ಲಿಸುತ್ತಿದ್ದೇನೆ" ಎಂದು ಸ್ಪಷ್ಟವಾಗಿಯೇ ಇತ್ತಂತೆ. ಅದು ಮೂಡುವ ಹೊತ್ತಿಗೆ, ಎಲ್ಲವನ್ನೂ ಕೊನೆಯ ಸಾಲಿನವರೆಗೆ ಓದುವ ನಾನು, ಕೆಳಗೆ ಒಬ್ಬಟ್ಟಿನ ಪಂಕ್ತಿಯಲ್ಲಿ ಮೊದಲ ಸಾಲಿನಲ್ಲಿ ಕೂತಿದ್ದೆ.