ಹೊಗೆಯಿಲ್ಲದ ಗ್ರಿಲ್ಲು ಮತ್ತು ನಮ್ಮತ್ತೆಯ ಬದನೆಕಾಯಿ

ಬದನೆಕಾಯಿ ಸುಡುವುದೂ ಒಂದು ವಿದ್ಯೆಯೇ? ಅಲ್ಲ ಎಂದೇ ನಾನು ನಂಬಿದ್ದೆ. ಹೈಸ್ಕೂಲು ಮಕ್ಕಳಿಗೆ ಹಳಗನ್ನಡದ ಪದ್ಯಗಳನ್ನೇ ಬಿಡಿಸಿ ಹೇಳುವ ಕನ್ನಡ ಪಂಡಿತನಿಗೆ ಒಂದು ಬದನೆಕಾಯಿ ಯಾವ ಲೆಕ್ಕ? ಒಂದು ಮಗ್ಗುಲು ಸುಡಬೇಕು, ತಿರುಗಿಸಬೇಕು, ಇನ್ನೊಂದು ಮಗ್ಗುಲು ಸುಡಬೇಕು. ಇಷ್ಟೇ ತಾನೆ! ಈ ಆತ್ಮವಿಶ್ವಾಸದ ಫಲವಾಗಿ ಚಾಮರಾಜನಗರದ ನಮ್ಮ ವಠಾರದ ಮನೆಯ ಅಡುಗೆಕೋಣೆಯ ಗೋಡೆ ಮೇಲೆ ಇವತ್ತಿಗೂ ಒಂದು ಕಲೆ ಇದೆ. ಸುಣ್ಣ ಬಳಿಸಿದರೂ ಹೋಗಿಲ್ಲ.

ಎಲ್ಲಕ್ಕೂ ಕಾರಣ ನಮ್ಮತ್ತೆ. ಅಂದರೆ ತಪ್ಪು ಅವರದು ಎಂದಲ್ಲ. ತಪ್ಪೆಲ್ಲ ನನ್ನದೇ, ಅವರದು ಬದನೆಕಾಯಿಯ ಆಸೆ ಮಾತ್ರ.

ಅತ್ತೆಗೆ ಉಮ್ಮತ್ತೂರಿನಲ್ಲಿ ಮಗ, ಸೊಸೆ, ತುಂಬಿದ ಮನೆ. ಅಡುಗೆ ಸೌದೆ ಒಲೆಯಲ್ಲಿ. ಆ ಒಲೆಯ ಮುಂದೆ ಕೂತು ಕೂತು ಅವರ ಎದೆಯಲ್ಲಿ ಗೊರಗೊರ ಸದ್ದು ಶುರುವಾಗಿತ್ತು. ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಗುತ್ತಿರಲಿಲ್ಲ. "ಈ ಚಳಿಗಾಲ ಕಳೆಯೋ ತನಕ ಹೊಗೆ ಹತ್ತಿರ ಸುಳಿಯಕೂಡದು" ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ನಮ್ಮ ಮನೆಯಲ್ಲಿ ಗ್ಯಾಸಿತ್ತು. ನನ್ನ ಹೆಂಡತಿ ಮಂಗಳಾ ಹೋಗಿ ತಾಯಿಯನ್ನು ಕರೆತಂದಳು.

ಅತ್ತೆ ಬಂದರೇ ಹೊರತು ಮನಸ್ಸು ಬರಲಿಲ್ಲ. ಮಗಳ ಮನೆಯಲ್ಲಿ ಸುಮ್ಮನೆ ಕೂತು ಉಣ್ಣುವುದೆಂದರೆ ಅವರಿಗೆ ನಾಚಿಕೆಗೇಡು. ಅಳಿಯನ ಎದುರು ತಲೆಯ ಮೇಲಿನ ಸೆರಗು ಜಾರಗೊಡುತ್ತಿರಲಿಲ್ಲ. ನನ್ನೊಡನೆ ನೇರವಾಗಿ ಮಾತೂ ಇಲ್ಲ. ನಾನು ಎದುರಿಗೇ ನಿಂತಿದ್ದರೂ ಮಗಳ ಕಡೆ ತಿರುಗಿ, "ಅಳೀಮಯ್ನೋರು ಕಾಪಿ ಕುಡುದ್ರಾ ಕೇಳವ್ವ" ಎನ್ನುವರು. "ಕುಡಿದೆ ಅಂತ ಹೇಳೇ" ಎಂದು ನಾನು. ನಮ್ಮಿಬ್ಬರ ನಡುವೆ ಟಪಾಲು ಹಂಚಿ ಹಂಚಿ ಮಂಗಳಾ ಸುಸ್ತಾಗಿಹೋಗಿದ್ದಳು.

ಊಟವೂ ಅಷ್ಟಕ್ಕಷ್ಟೆ. ಕೇಳಿದರೆ, "ಅಸಿವಿಲ್ಲ ಕಣವ್ವ." ಒಂದು ದಿನ ಮಾತ್ರ ಬಾಯಿಬಿಟ್ಟರು. "ಸುಟ್ಟ ಬದ್ನೆಕಾಯ್ ಗೊಜ್ಜು, ರಾಗಿ ರೊಟ್ಟಿ ಇದ್ದಿದ್ರೆ ವಸಿ ತಿನ್ಬೋದಿತ್ತು."

ಮಂಗಳಾ ಆಗಲೇ ಗ್ಯಾಸಿನ ಉರಿಯಲ್ಲಿ ಬದನೆಕಾಯಿ ಸುಟ್ಟು ಗೊಜ್ಜು ಮಾಡಿದಳು. ಅತ್ತೆ ಮೂಸಿ ನೋಡಿ ತಟ್ಟೆ ಸರಿಸಿದರು. "ಗ್ಯಾಸ್ ನಾತ ಒಡೀತದೆ ಕಣವ್ವ. ಬುಡು, ಭಾನ್ವಾರ ನಿನ್ ತಮ್ಮ ಬತ್ತನೆ. ಊರ್ಗೋಗಿ ಕೆಂಡದ್ ಮ್ಯಾಲೆ ಸುಟ್ಕತೀನಿ."

ಮಂಗಳಾ ಒಗೆದ ಬಟ್ಟೆ ಮಡಿಸುತ್ತಾ ಕಣ್ಣೀರು ಹಾಕಿದಳು. "ಈಗ ಹೋದ್ರೆ ಒಲೆ ಮುಂದೆ ಕೂತೇ ಕೂರ್ತಾಳೆ ರೀ. ಅವಳ ಎದೆ ಸದ್ದು ನೀವೇ ಕೇಳಿದ್ದೀರಲ್ಲ."

ನಾನು ಎದೆ ತಟ್ಟಿಕೊಂಡು, "ಹೊಗೆಯಿಲ್ಲದೆ ಸುಡುವ ದಾರಿಯನ್ನು ಭಾನುವಾರದೊಳಗೆ ಕಂಡುಹಿಡಿದೇ ತೀರುತ್ತೇನೆ!" ಎಂದು ಘೋಷಿಸಿದೆ. ಮಂಗಳಾ ಇನ್ನೂ ಜೋರಾಗಿ ಅತ್ತಳು.

ನಾನು ದಿನಾ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋಗಿ ಪಾಠ ಮಾಡಿ ಬರುತ್ತಿದ್ದೆ. ಅಲ್ಲಿ ಕೇರಳಕ್ಕೆ ಹೋಗುವ ರಸ್ತೆಯಲ್ಲಿ ಗಲ್ಫ್ ಸಾಮಾನಿನ ಅಂಗಡಿಯೊಂದಿತ್ತು. ಸೆಂಟು, ಟಾರ್ಚು, ಟೇಪ್ ರೆಕಾರ್ಡರುಗಳ ನಡುವೆ ಒಂದು ವಿಚಿತ್ರ ವಸ್ತು ಕೂತಿದ್ದುದನ್ನು ಎಷ್ಟೋ ಸಲ ನೋಡಿದ್ದೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ನೇರ ಅಲ್ಲಿಗೇ ನುಗ್ಗಿದೆ. ಮೇಲೆ ಗೆರೆಗೆರೆಯ ಕಪ್ಪು ಕಬ್ಬಿಣದ ತಟ್ಟೆ, ಅದರಡಿ ಕರೆಂಟಿನ ಸುರುಳಿ, ಅದರಡಿ ಒಂದು ಟ್ರೇ. ಇದೇ ಎಲೆಕ್ಟ್ರಿಕ್ ಗ್ರಿಲ್ಲು. ಡಬ್ಬದ ಮೇಲಿನ ಚಿತ್ರದಲ್ಲಿ ಬಿಳಿ ಸೋಫಾದ ಪಕ್ಕದಲ್ಲೇ ಒಬ್ಬ ಹೆಂಗಸು ನಗುತ್ತಾ ಏನನ್ನೋ ಸುಡುತ್ತಿದ್ದಳು. ಹೊಗೆಯಿಲ್ಲ. ಕಣ್ಣಲ್ಲಿ ನೀರಿಲ್ಲ. ಲಿಪ್‌ಸ್ಟಿಕ್ ಕೂಡ ಅಳಿಸಿರಲಿಲ್ಲ!

"ಪೊಗೆ ಇಲ್ಲಾ ಸಾರೇ, ಒಟ್ಟೂ ಇಲ್ಲಾ, ಸ್ವಲ್ಪಾನೂ ಇಲ್ಲಾ!" ಎಂದರು ಅಂಗಡಿಯ ಮಲಯಾಳಿ ಯಜಮಾನರು. "ಮನೆ ಒಳಗೇ ಸುಡಬಹುದು. ಅಡಿ ಟ್ರೇಗೆ ನೀರು ಹಾಕಬೇಕು, ಮರೀಬೇಡಿ ಸಾರೇ."

ಕರೆಂಟಿನ ಕೆಳಗೆ ನೀರು! ನಾನು ಒಳಗೊಳಗೇ ನಕ್ಕೆ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬಾರದು ಎಂದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಮಾರುವವರಿಗೆ ಮಾರುವ ಆತುರ, ಪ್ರಾಣ ನಮ್ಮದು. ನೀರಿನ ಮಾತನ್ನು ಗುಂಡ್ಲುಪೇಟೆಯಲ್ಲೇ ಬಿಟ್ಟು, ಗ್ರಿಲ್ಲನ್ನು ಮಾತ್ರ ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡು ಬಸ್ಸು ಹತ್ತಿದೆ.

ಪಕ್ಕದಲ್ಲಿ ಹರದನಹಳ್ಳಿಯ ರೈತರೊಬ್ಬರು ಕೂತಿದ್ದರು. "ಏನ್ ಸಾ ಅದು, ಇಸ್ತ್ರಿ ಪೆಟ್ಗೆಯಾ?"

"ಅಲ್ಲ, ಹೊಗೆ ಬರದ ಒಲೆ."

ಅವರು ಅದನ್ನು ಬೆರಳಲ್ಲಿ ತಟ್ಟಿ ನೋಡಿದರು. "ಒಗೆ ಬರ್ದಿದ್ರೆ ಒಲೆ ಅತ್ತದೋ ಇಲ್ವೋ ಅಂತ ಎಂಗ್ ಗೊತ್ತಾಯ್ತದೆ ಸಾ?"

ಅವರ ಅಜ್ಞಾನಕ್ಕೆ ನಾನು ಊರು ತಲುಪುವವರೆಗೂ ಮರುಗಿದೆ.

ಮನೆಯಲ್ಲಿ ಅತ್ತೆ ಹೊಸ ಯಂತ್ರಕ್ಕೆ ವಿಭೂತಿ ಬಳಿದು, ಹೂವಿಟ್ಟು ಕೈಮುಗಿದರು. "ಅಳೀಮಯ್ನೋರ್ಗೆ ಯಾಕವ್ವ ಈ ತಾಪತ್ರಯ? ನಾಳೆ ಓಗೋಳ್ಗೆ!" ಎಂದರು. ಆದರೂ ದಪ್ಪನೆಯ ಗುಂಡು ಬದನೆಕಾಯಿಯೊಂದನ್ನು ತಾವೇ ಆರಿಸಿ, ಸೆರಗಿನಲ್ಲಿ ಒರೆಸಿ ಇಟ್ಟರು. ಅದನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಅಲ್ಲಿಂದಾಚೆಗೆ ಬುದ್ಧಿ ಕೆಲಸ ಮಾಡುವುದನ್ನೇ ನಿಲ್ಲಿಸಿತು.

ನಮ್ಮವ್ವ ಹೇಳಿಕೊಟ್ಟ ಒಂದು ನಿಯಮವಿದೆ. ಹೊಸ ಕಾವಲಿಯನ್ನು ಹರಳೆಣ್ಣೆ ಸವರಿ ಪಳಗಿಸದೆ ಒಲೆಗೆ ಇಡಕೂಡದು, ಇಟ್ಟರೆ ದೋಸೆ ಏಳುವುದಿಲ್ಲ. ಕಾವಲಿಗೆ ಸಲ್ಲುವ ಮರ್ಯಾದೆ ಗ್ರಿಲ್ಲಿಗೂ ಸಲ್ಲಬೇಡವೇ? ಅದೂ ಕಬ್ಬಿಣವೇ ತಾನೆ! ಹರಳೆಣ್ಣೆಯ ಸೀಸೆ ತಂದು ಗೆರೆಗೆರೆಗೂ ಸವರಿದೆ. ಕೆಳಗಿನ ಸುರುಳಿಗೆ ಬೇಸರವಾಗಬಾರದೆಂದು ಅದಕ್ಕೂ ಸವರಿದೆ. ಮಿಕ್ಕದ್ದು ಧಾರಾಳವಾಗಿ ಟ್ರೇಗೆ ಇಳಿಯಿತು. ಹೇಗೂ ಖಾಲಿ ಇತ್ತಲ್ಲ!

"ರೀ, ಇಷ್ಟೊಂದು ಎಣ್ಣೆ ಯಾಕೆ?" ಎಂದಳು ಮಂಗಳಾ.

"ಪಳಗಬೇಕು ಕಣೇ."

"ಯಾರು?"

ಇಂಥ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ.

ಸಂಜೆ ವಠಾರದವರೆಲ್ಲ ನಮ್ಮ ಅಡುಗೆಕೋಣೆಯ ಬಾಗಿಲಲ್ಲಿ ಸೇರಿದರು. ನಾನು ನಾಲ್ಕು ಮಾತು ಭಾಷಣ ಮಾಡಿ ಸ್ವಿಚ್ಚು ಒತ್ತಿದೆ. ಬದನೆಕಾಯಿ ಗ್ರಿಲ್ಲಿನ ಮೇಲೆ ಗಂಭೀರವಾಗಿ ಮಲಗಿತು. ನಾವೆಲ್ಲ ಕಾದೆವು. ಮತ್ತೂ ಕಾದೆವು. ಹೊಗೆಯ ಸುಳಿವೇ ಇಲ್ಲ!

"ನೋಡಿದಿರಾ? ಎಲ್ಲಿದೆ ಹೊಗೆ? ತೋರಿಸಿ!" ಎಂದೆ. ಯಾರಿಗೂ ತೋರಿಸಲು ಆಗಲಿಲ್ಲ.

ಪಕ್ಕದ ಮನೆಯ ದೊಡ್ಡತಾಯಮ್ಮ ಬದನೆಕಾಯಿಯನ್ನು ಮುಟ್ಟಿ ನೋಡಿದರು. "ಒಗೆ ಇಲ್ಲ, ಸರಿ ಕಣ್ರೀ ಮೇಷ್ಟ್ರೆ. ಬಿಸೀನೂ ಇಲ್ವಲ್ಲ?"

ಹಿಂದಿನ ಬೀದಿಯಲ್ಲಿ ಒಂದು ಹಿಟ್ಟಿನ ಗಿರಣಿಯಿತ್ತು. ಅದು ಓಡುವಷ್ಟು ಹೊತ್ತೂ ನಮ್ಮ ವಠಾರದ ಬಲ್ಬುಗಳು ಮಿಣಮಿಣ ಎನ್ನುತ್ತಿದ್ದವು. ಗ್ರಿಲ್ಲಿನ ಪಾಡೂ ಅದೇ ಆಗಿತ್ತು. ಅತ್ತೆ ಸೆರಗಿನ ಮರೆಯಿಂದ ಮಗಳಿಗೆ ಹೇಳಿದರು: "ಬದ್ನೆಕಾಯ್ಗೆ ಸಳಿ ಆಯ್ತಾ ಇರ್ಬೇಕು. ಒಂದ್ ಟವಲ್ಲಾರ ಒದ್ಸಿ ಅಂತ ಏಳವ್ವ ಅಳೀಮಯ್ನೋರ್ಗೆ."

ವಠಾರವೇ ಬಿದ್ದು ಬಿದ್ದು ನಕ್ಕಿತು. ನನಗೆ ರೋಷ ಬಂತು. "ದಯವಿಟ್ಟು ಎಲ್ಲರೂ ಸ್ವಲ್ಪ ಹೊತ್ತು ನಿಮ್ಮ ಮನೆಯ ದೀಪ, ಟೀವಿ ಆರಿಸಿ. ಇರುವ ಕರೆಂಟೆಲ್ಲ ಇಲ್ಲಿಗೆ ಬರಲಿ" ಎಂದು ಸಾರ್ವಜನಿಕ ಮನವಿ ಮಾಡಿದೆ. ಟೀವಿಯಲ್ಲಿ ಸಿನಿಮಾ ಬರುವ ಹೊತ್ತು. ಬೇರೆ ಊರಾಗಿದ್ದರೆ ಹೊಡೆಯುತ್ತಿದ್ದರೋ ಏನೋ. ನಮ್ಮ ವಠಾರದವರು ಮಾತ್ರ, ಪಾಪ, ಉಸಿರಿಗೆ ಕಷ್ಟಪಡುವ ಆ ಹಿರಿಯ ಜೀವ ಒಂದು ತುತ್ತು ಉಣ್ಣಲಿ ಎಂದು ಹೋಗಿ ಒಂದೊಂದೇ ಆರಿಸಿದರು. ಇಡೀ ವಠಾರ ನಮ್ಮತ್ತೆಯ ಬದನೆಕಾಯಿಗಾಗಿ ಕತ್ತಲಲ್ಲಿ ಕೂತಿತು.

ಸರಿಯಾಗಿ ಆಗಲೇ ಹಿಂದಿನ ಬೀದಿಯ ಗಿರಣಿಯೂ ನಿಂತಿತು!

ನಮ್ಮ ಬಲ್ಬು ಧಗ್ಗೆಂದು ಬೆಳಗಿತು. ಸುರುಳಿ ಕೆಂಪಾಯಿತು. "ಬಂತು! ಬಂತು!" ಎಂದು ಕುಣಿದೆ. ಬಂದದ್ದೇನೋ ನಿಜ. ಹೊಗೆ! ಪಳಗುತ್ತಿದ್ದ ಹರಳೆಣ್ಣೆಯೆಲ್ಲ ಒಟ್ಟಿಗೆ ಎದ್ದು ಸೂರಿಗೆ ಮುಟ್ಟಿತು. ಆರಲೆಂದು ಊದಿದೆ, ಇನ್ನೂ ಹೆಚ್ಚಾಯಿತು. ಟವಲಿನಲ್ಲಿ ಬೀಸಿದೆ, ನಡುಮನೆಗೂ ನುಗ್ಗಿತು. ಸುಡುವ ಮುಂಚೆ ಬದನೆಕಾಯಿಯನ್ನು ಚಾಕುವಿನಲ್ಲಿ ಅಲ್ಲಲ್ಲಿ ಚುಚ್ಚಬೇಕಂತೆ. ಈ ಸಂಗತಿ ಅಲ್ಲಿದ್ದ ಎಲ್ಲ ಹೆಂಗಸರಿಗೂ ಗೊತ್ತಿತ್ತಂತೆ. ನನ್ನ ಭಾಷಣದ ನಡುವೆ ಹೇಳಲು ಜಾಗ ಸಿಗಲಿಲ್ಲವಂತೆ. ಬದನೆಕಾಯಿ ಢಮ್ ಎಂದು ಸಿಡಿದು ಅರ್ಧ ಗೋಡೆಗೆ ಬಡಿಯಿತು. ಅದರ ಹಿಂದೆಯೇ ಫ್ಯೂಸು ಹಾರಿತು. ಈಗ ಕತ್ತಲೆ, ಕತ್ತಲೆಯೊಳಗೆ ಹೊಗೆ, ಹೊಗೆಯೊಳಗೆ ನಾನು.

ಅತ್ತೆ ಎಲ್ಲಿ?

ಆ ಗಳಿಗೆಯಲ್ಲಿ ನನ್ನ ತಮಾಷೆಯೆಲ್ಲ ಇಳಿದುಹೋಯಿತು. ಹೊಗೆಯಿಂದ ಕಾಪಾಡುತ್ತೇನೆಂದು ಹೊರಟವನು ಅವರನ್ನು ಹೊಗೆಯೊಳಗೇ ಮುಳುಗಿಸಿಬಿಟ್ಟೆನಲ್ಲ! "ಅತ್ತೇ! ಅತ್ತೇ!" ಎಂದು ಕೂಗುತ್ತಾ, ಕೆಮ್ಮುತ್ತಾ, ತಡಕಾಡುತ್ತಾ ಒಳಕೋಣೆಯ ಕಡೆ ನುಗ್ಗಿದೆ. ಹೊಗೆ ಕಂಡ ಕೂಡಲೇ ಮಂಗಳಾ ತಾಯಿಯನ್ನು ಹೊರಗೆ ಕರೆದೊಯ್ದಿದ್ದಳೆಂದು ನನಗೇನು ಗೊತ್ತು?

ಬಾಗಿಲ ಕಡೆಯಿಂದ ಒಂದು ದನಿ ಬಂತು. "ಅಳೀಮಯ್ಯಾ! ನಾನ್ ಇಲ್ಲಿವ್ನಿ ಕಣಪ್ಪಾ! ಆ ಬದ್ನೆಕಾಯ್ ಆಳಾಗೋಗ್ಲಿ, ಮೊದ್ಲು ನೀನ್ ಈಚ್ಗೆ ಬಾ!"

ಮದುವೆಯಾದಾಗಿನಿಂದ ಅತ್ತೆ ನನ್ನೊಡನೆ ಆಡಿದ ಮೊದಲ ನೇರ ಮಾತು ಅದು. ತಲೆಯ ಸೆರಗು ಭುಜಕ್ಕೆ ಜಾರಿದ್ದೂ ಅವರಿಗೆ ಗೊತ್ತಿರಲಿಲ್ಲ. ನನ್ನ ರಟ್ಟೆ ಹಿಡಿದು ಹೊರಗೆಳೆದು ಜಗಲಿಯ ಮೇಲೆ ಕೂರಿಸಿದರು, ತಾವೂ ಪಕ್ಕದಲ್ಲೇ ಕುಸಿದು ಕೂತರು.

ಅವರ ಭುಜ ಅಲುಗತೊಡಗಿತು. ಮಂಗಳಾ ಮಾತ್ರೆಗೆ ಓಡಿದಳು. ನಾನು ಕಂಡ ಕಂಡ ದೇವರನ್ನೆಲ್ಲ ನೆನೆದೆ. ಅತ್ತೆ ಮುಖವೆತ್ತಿದರು. ಅದು ಕೆಮ್ಮಲ್ಲ, ನಗು!

"ಅಂತೂ ಬದ್ನೆಕಾಯ್ಗೆ ಸಳಿ ಬುಟ್ತಲ್ಲಪ್ಪ!" ಎಂದು ಕಣ್ಣೊರೆಸಿಕೊಂಡರು.

ನನಗೆ ಅಳುವೇ ಬಂದುಬಿಟ್ಟಿತು. ಅವಮಾನಕ್ಕಲ್ಲ, ಅವರು ಉಸಿರಾಡುತ್ತಿದ್ದಾರಲ್ಲ ಎಂದು. ಅತ್ತೆ ಅದನ್ನು ನೋಡಿದರು. ತಮ್ಮ ಸೆರಗಿನಲ್ಲೇ ನನ್ನ ಮುಖದ ಮಸಿ ಒರೆಸಿದರು.

ಆ ಸಂಜೆ ನಮ್ಮ ಅಡುಗೆಕೋಣೆಗೆ ಯಾರೂ ಹೋಗುವ ಹಾಗಿರಲಿಲ್ಲ. ವಠಾರದವರು ಒಬ್ಬೊಬ್ಬರೂ ಒಂದೊಂದು ತಂದರು. ದೊಡ್ಡತಾಯಮ್ಮ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದರು. ಜಗಲಿಯ ಮೇಲೆ ಎಲ್ಲರ ನಡುವೆ ಕೂತು ಅತ್ತೆ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡರು. ನಾನು ಮಾತ್ರ, ಯಂತ್ರದ ಮಾನ ಉಳಿಸಲೆಂದು, ಗೋಡೆಗೆ ಹೋಗದೆ ಉಳಿದಿದ್ದ ಅರ್ಧ ಬದನೆಕಾಯಿಯನ್ನು ಎಣ್ಣೆ ಸಮೇತ ತಿಂದು, "ಏನೂ ಆಗಿಲ್ಲ, ರುಚಿಯಾಗಿದೆ" ಎಂದೆ.

ಹರಳೆಣ್ಣೆಗೆ ಇನ್ನೊಂದು ಗುಣವೂ ಇದೆಯೆಂಬುದು ಭಾನುವಾರ ಬೆಳಗ್ಗೆ ನೆನಪಾಯಿತು. ಹಾಗಾಗಿ ಉಮ್ಮತ್ತೂರಿನಿಂದ ಭಾವಮೈದ ಬಂದಾಗ ಅವನನ್ನು ಬರಮಾಡಿಕೊಳ್ಳಲು ನಾನು ಜಗಲಿಯಲ್ಲಿರಲಿಲ್ಲ. ಎಲ್ಲಿದ್ದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಂದಲೇ ಎಲ್ಲ ಕೇಳಿಸಿತು.

"ನಡಿಯವ್ವ, ಬಸ್ಸಿಗೊತ್ತಾಯ್ತು."

"ನೀನ್ ಓಗಪ್ಪ. ನಾನ್ ಬರಕಿಲ್ಲ."

"ಯಾಕವ್ವ? ಮಗಳ್ ಮನೇಲಿ ಇರದು ಸರಿಯಲ್ಲ ಅಂತ ನೀನೇ ಏಳ್ಕಳ್ಸಿದ್ದಲ್ಲ?"

"ಉಂಡ್ಕಂಡ್ ಸುಮ್ಕೆ ಇರದು ಸರಿಯಲ್ಲ ಅಂದೆ. ಅಲ್ಲಿ ಒಲೆ ನೋಡ್ಕಳಕೆ ನಿನ್ ಎಂಡ್ತಿ ಅವ್ಳೆ. ಇಲ್ಲಿ ಅಳೀಮಯ್ಯನ್ನ ನೋಡ್ಕಳಕೆ ಯಾರವ್ರೆ? ಮಂಗಳ ಒಬ್ಳ ಕೈಲಿ ಆಯ್ತದಾ?"

ಭಾವಮೈದ ಗೋಡೆಯ ಕಲೆಯನ್ನು ಒಮ್ಮೆ ನೋಡಿ, ಒಬ್ಬನೇ ಬಸ್ಸು ಹತ್ತಿದನಂತೆ. ಮಂಗಳಾ ಅಡುಗೆಕೋಣೆಯಲ್ಲಿ ಪಾತ್ರೆ ತೊಳೆಯುತ್ತಾ ಗುನುಗುತ್ತಿದ್ದದ್ದು ನನಗೆ ಹಿತ್ತಲಿನವರೆಗೂ ಕೇಳಿಸುತ್ತಿತ್ತು.

ಆ ಚಳಿಗಾಲ ಕಳೆದು ಎಷ್ಟೋ ಕಾಲವಾಯಿತು. ಅತ್ತೆ ಇಲ್ಲೇ ಇದ್ದಾರೆ. ಎದೆಯ ಗೊರಗೊರ ಬಹಳ ಮಟ್ಟಿಗೆ ಇಳಿದಿದೆ. ಗ್ರಿಲ್ಲು ಅಟ್ಟದ ಮೇಲಿದೆ. ಅದು ಡಬ್ಬದ ಮೇಲೆ ಹೇಳಿದಂತೆ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ಯಾರಾದರೂ ಕೇಳಿದರೆ, ಅತ್ತೆಯನ್ನು ಹೊಗೆಯಿಂದ ದೂರ ಇಟ್ಟಿದೆ ಎಂದು ಧೈರ್ಯವಾಗಿ ಹೇಳುತ್ತೇನೆ. ಹಾಗೆ ಹೇಳುವಾಗ ತಲೆ ಎತ್ತಿಯೇ ಹೇಳುತ್ತೇನೆ. ಆಮೇಲೆ ಪೂಜೆಗೆ ಊದುಬತ್ತಿ ಹಚ್ಚಲೆಂದು ಬೆಂಕಿಪೊಟ್ಟಣ ಕೈಗೆತ್ತಿಕೊಂಡು ತಿರುಗಿ ನೋಡಿದರೆ, ಅತ್ತೆ ನನ್ನ ಬೆನ್ನ ಹಿಂದೆ ಒಂದು ತಂಬಿಗೆ ನೀರು ಹಿಡಿದು ನಿಂತಿರುತ್ತಾರೆ.